ಗೆಲುವು ಯಾರದು, ಹೊಣೆ ಯಾರದು

ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಸರ್ಕಾರಿ ಸಂಬಳದಾರರ ಪಟ್ಟಿ ತೆಗೆದು ನೋಡಿದರೆ ಎಲ್ಲಕ್ಕಿಂತ ಮೇಲಿರುವ ಹೆಸರು ಗವರ್ನರ್ ಅವರದಲ್ಲ, ನ್ಯಾಯಾಧೀಶರದಲ್ಲ, ಯಾವ ವಿಜ್ಞಾನಿಯದೂ ಅಲ್ಲ. ಅದು ರಾಜ್ಯ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್‌ನ ಹೆಸರು. ಮಿಷಿಗನ್ ವಿಶ್ವವಿದ್ಯಾಲಯ 2014ರ ಕೊನೆಗೆ ಜಿಮ್ ಹಾರ್ಬಾ ಅವರನ್ನು ಫುಟ್‌ಬಾಲ್ ಕೋಚ್ ಆಗಿ ವರ್ಷಕ್ಕೆ ಸುಮಾರು 50 ಲಕ್ಷ ಡಾಲರ್ ಕೊಟ್ಟು ಕರೆತಂದಿತು. ಆನ್ ಆರ್ಬರ್ ಊರಿನಲ್ಲಿರುವ ಅದರ ಕ್ರೀಡಾಂಗಣದಲ್ಲಿ 1,07,601 ಜನ ಕೂರಬಹುದು. ಆಟವಿರುವ ಶನಿವಾರ ಅದು ತುಂಬಿರುತ್ತದೆ. ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ಮನೆಗಳಿಗೂ ಆ ಶನಿವಾರದ ಗದ್ದಲ ಹೊಸದಲ್ಲ.

ಇಷ್ಟು ಹಣ, ಇಷ್ಟು ಜನ, ಇಷ್ಟು ಭಕ್ತಿ ಒಬ್ಬ ಮನುಷ್ಯನ ಸುತ್ತ ಸೇರಿದಾಗ ವಿಚಾರ ಮಾಡುವವರು ಕೇಳಲೇಬೇಕಾದ ಒಂದು ಪ್ರಶ್ನೆಯಿದೆ. ತಂಡ ಗೆದ್ದಾಗ ನಾವು ಈ ಮನುಷ್ಯನನ್ನು ಕಾರಣ ಎನ್ನುತ್ತೇವೆ. ಹಾಗಾದರೆ ಅದೇ ಕಟ್ಟಡದಲ್ಲಿ ನಡೆದ ಅನ್ಯಾಯಕ್ಕೆ ಯಾರು ಕಾರಣ?

ಅಲ್ಲಿನ ಫುಟ್‌ಬಾಲ್ ನಮ್ಮದಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಮೈಮೇಲೆ ಬಿದ್ದು ಕೆಡವುವ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬಾತ ತಂಡದ ಸೂತ್ರಧಾರ. ಚೆಂಡು ಅವನ ಕೈಗೆ ಬಂದ ಎರಡು ಮೂರು ಸೆಕೆಂಡಿನಲ್ಲಿ ಯಾರಿಗೆ ಎಸೆಯಬೇಕೆಂದು ನಿರ್ಧರಿಸಬೇಕು. ಅಷ್ಟರಲ್ಲಿ ನೂರಿಪ್ಪತ್ತು ನೂರಮೂವತ್ತು ಕಿಲೋ ತೂಗುವ ಆಳುಗಳು ಅವನತ್ತ ನುಗ್ಗುತ್ತಿರುತ್ತಾರೆ. ಹಾರ್ಬಾ 1980ರ ದಶಕದಲ್ಲಿ ಮಿಷಿಗನ್ ತಂಡದಲ್ಲಿ ಈ ಜಾಗದಲ್ಲಿ ಆಡಿದವರು. ತಂದೆ ಜ್ಯಾಕ್ ಹಾರ್ಬಾ ಕೂಡ ಕೋಚ್. 1970ರ ದಶಕದಲ್ಲಿ ಮಿಷಿಗನ್‌ನ ದೊಡ್ಡ ಕೋಚ್ ಬೋ ಶೆಂಬೆಕ್ಲರ್ ಅವರ ಕೈಕೆಳಗೆ ಕೆಲಸ ಮಾಡಿದವರು. ಅಪ್ಪನ ಜೊತೆ ಮೈದಾನಕ್ಕೆ ಹೋಗುತ್ತಿದ್ದ ಹುಡುಗ ಮುಂದೆ ಅದೇ ಬೋ ಅವರ ಆಟಗಾರನಾದ. ಆಮೇಲೆ ಸುಮಾರು ಹದಿನಾಲ್ಕು ವರ್ಷ ವೃತ್ತಿಪರ ಆಟ. ಬಳಿಕ ಸ್ಯಾನ್ ಡಿಯೆಗೊ, ಸ್ಟ್ಯಾನ್‌ಫರ್ಡ್, ವೃತ್ತಿಪರ ತಂಡವಾದ ಸ್ಯಾನ್ ಫ್ರಾನ್ಸಿಸ್ಕೊ, ಆಮೇಲೆ ತಾನು ಆಡಿದ ಮಿಷಿಗನ್‌ನಲ್ಲೇ ಒಂಬತ್ತು ವರ್ಷ ಕೋಚ್.

ಮೊದಲು ಗೆಲುವಿನ ಲೆಕ್ಕ. 1986ರ ನವೆಂಬರ್‌ನಲ್ಲಿ ಮಿಷಿಗನ್ ತಂಡ ತನಗಿಂತ ದುರ್ಬಲವಾದ ಮಿನೆಸೋಟದ ಎದುರು ಅನಿರೀಕ್ಷಿತವಾಗಿ ಸೋತಿತು. ಮುಂದಿನ ಶನಿವಾರ ಬದ್ಧ ಎದುರಾಳಿ ಒಹಾಯೊ ಸ್ಟೇಟ್ ಮೇಲೆ, ಅದೂ ಅವರದೇ ಊರಾದ ಕೊಲಂಬಸ್‌ನಲ್ಲಿ ಆಟ. ಇಪ್ಪತ್ತೆರಡರ ಹಾರ್ಬಾ ಪತ್ರಕರ್ತರ ಮುಂದೆ ನಿಂತು, ನಾವು ಗೆದ್ದೇ ಗೆಲ್ಲುತ್ತೇವೆ ಎಂದು ಖಾತ್ರಿ ಕೊಟ್ಟುಬಿಟ್ಟರು. ಆ ಶನಿವಾರ ಆಟ ಮುಗಿಯಲು ಸುಮಾರು ಒಂದು ನಿಮಿಷವಿದ್ದಾಗ ಮಿಷಿಗನ್ 26, ಒಹಾಯೊ 24. ಒಹಾಯೊದ ಒಬ್ಬ ವಿದ್ಯಾರ್ಥಿ 45 ಗಜ ದೂರದಿಂದ ಚೆಂಡನ್ನು ಒದ್ದ. ಕಂಬಗಳ ನಡುವೆ ಹೋಗಿದ್ದರೆ ಮೂರು ಅಂಕ, ಒಹಾಯೊಗೆ ಗೆಲುವು. ಚೆಂಡು ಕಂಬದ ಹೊರಗೆ ಸರಿಯಿತು. ಅಂದಿನಿಂದ ಇಂದಿನವರೆಗೆ ಆ ಖಾತ್ರಿಯ ಮಾತು ಹಾರ್ಬಾ ಅವರ ಧೈರ್ಯಕ್ಕೆ, ನಾಯಕತ್ವಕ್ಕೆ ಸಾಕ್ಷಿಯಾಗಿ ಚಲಾವಣೆಯಲ್ಲಿದೆ. ಬೇರೊಬ್ಬ ಹುಡುಗನ ಕಾಲು ಕೂದಲೆಳೆಯಷ್ಟು ನೇರವಾಗಿ ಬಿದ್ದಿದ್ದರೆ ಅದೇ ಮಾತು ಎಳಸು ಹುಡುಗನ ಬಡಾಯಿಗೆ ಉದಾಹರಣೆಯಾಗುತ್ತಿತ್ತು. ಮಾತು ಅದೇ, ಆಡಿದ ಮನುಷ್ಯ ಅವನೇ. ಅವನು ಮುಟ್ಟದ ಚೆಂಡು ಅವನ ಗುಣವನ್ನು ತೀರ್ಮಾನಿಸಿತು.

ಅವರ ವೃತ್ತಿಜೀವನದ ಉದ್ದಕ್ಕೂ ಇಂಥದೇ ಕ್ಷಣಗಳು. 1996ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅವರು ಎಸೆದ ಕೊನೆಯ ಚೆಂಡು ಜೊತೆಗಾರನ ಕೈಗೆ ಸಿಕ್ಕಂತಾಗಿ ನೆಲಕ್ಕೆ ಬಿತ್ತು, ತಂಡ ವೃತ್ತಿಪರ ಲೀಗಿನ ಅಂತಿಮ ಆಟವಾದ ಸೂಪರ್ ಬೌಲ್ ತಲುಪಲಿಲ್ಲ. 2013ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ ಒಂದು ಕಡೆ ಸ್ಯಾನ್ ಫ್ರಾನ್ಸಿಸ್ಕೊದ ಕೋಚ್ ಆಗಿ ಅವರು, ಇನ್ನೊಂದು ಕಡೆ ಕೋಚ್ ಆಗಿ ಅವರ ಅಣ್ಣ ಜಾನ್. ಗುರಿ ಐದು ಗಜ ಮುಂದಿತ್ತು, ಮೂರು ಪ್ರಯತ್ನ ಹುಸಿಹೋದವು, ಅಣ್ಣನ ತಂಡ 34–31ರಿಂದ ಗೆದ್ದಿತು. 2016ರಲ್ಲಿ ಮತ್ತೆ ಕೊಲಂಬಸ್‌ನಲ್ಲಿ, ಎದುರಾಳಿ ಆಟಗಾರ ಗೆರೆ ಮುಟ್ಟಿದನೋ ಇಲ್ಲವೋ ಎಂಬ ಅಂಗುಲಗಳ ತಕರಾರಿನಲ್ಲಿ ತೀರ್ಪು ಅವರ ವಿರುದ್ಧ ಹೋಯಿತು.

ಇದೆಲ್ಲ ಬರೀ ಅದೃಷ್ಟ ಎನ್ನುವುದು ಅನ್ಯಾಯವಾದೀತು. ಹಾರ್ಬಾ ಹೋದ ಕಡೆಯೆಲ್ಲ ತಂಡ ಮೇಲೆದ್ದಿದೆ. ಅವರು ಕಾಲಿಡುವ ಹಿಂದಿನ ವರ್ಷ ಸ್ಟ್ಯಾನ್‌ಫರ್ಡ್ ಹನ್ನೆರಡರಲ್ಲಿ ಒಂದೇ ಒಂದು ಆಟ ಗೆದ್ದಿತ್ತು. 2010ರ ಹೊತ್ತಿಗೆ ಹದಿಮೂರರಲ್ಲಿ ಹನ್ನೆರಡು ಗೆದ್ದಿತು. ಒಂದು ಕಡೆ ಆಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು; ಮೂರು ನಾಲ್ಕು ಕಡೆ ಆದದ್ದನ್ನು ಕೌಶಲವೆಂದೇ ಒಪ್ಪಬೇಕು. ಆದರೆ ಕೌಶಲಕ್ಕೆ ಸಲ್ಲುವ ಮೆಚ್ಚುಗೆಯೇ ಬೇರೆ, ಪೂಜೆಯೇ ಬೇರೆ. 2020ರಲ್ಲಿ ಆರು ಆಟಗಳಲ್ಲಿ ಎರಡನ್ನಷ್ಟೇ ಗೆದ್ದಾಗ ಇದೇ ಮಿಷಿಗನ್ ಅವರ ಸಂಬಳ ಕಡಿತ ಮಾಡಿ ಹೊಸ ಕರಾರು ಬರೆಸಿಕೊಂಡಿತು. ಮುಂದಿನ ವರ್ಷ ಒಹಾಯೊ ಮೇಲೆ 42–27ರ ಗೆಲುವು ಬಂತು. ಅಲ್ಲಿಂದ ಮೂರು ವರ್ಷ ಸತತವಾಗಿ, ಮಿಷಿಗನ್ ಸೇರಿರುವ ಬಿಗ್ ಟೆನ್ ಒಕ್ಕೂಟದ ಪಟ್ಟ. 2024ರ ಜನವರಿ 8ರಂದು ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು 34–13ರಿಂದ ಸೋಲಿಸಿ, ಹದಿನೈದಕ್ಕೆ ಹದಿನೈದೂ ಗೆದ್ದು ರಾಷ್ಟ್ರದ ಚಾಂಪಿಯನ್. 2020ರ ಹಾರ್ಬಾ ಮತ್ತು 2021ರ ಹಾರ್ಬಾ ಬೇರೆ ಬೇರೆ ಮನುಷ್ಯರಲ್ಲ. ಆ 2021ರ ಕೊನೆಗೆ ತನಗೆ ಬರಬೇಕಿದ್ದ ಬೋನಸ್ ಹಣವನ್ನೆಲ್ಲ, ಕೋವಿಡ್ ಕಾಲದಲ್ಲಿ ಸಂಬಳ ಕಳೆದುಕೊಂಡ ಕ್ರೀಡಾ ವಿಭಾಗದ ನೌಕರರಿಗೆ ಬಿಟ್ಟುಕೊಡುವುದಾಗಿ ಅವರು ಹೇಳಿದರು. ಆ ಸುದ್ದಿ ಅಂಕಪಟ್ಟಿಯ ಸದ್ದಿನಲ್ಲಿ ಬೇಗ ಮರೆಯಾಯಿತು. ನನಗೆ ಅದು ಒಹಾಯೊ ಗೆಲುವಿಗಿಂತ ದೊಡ್ಡದಾಗಿ ಕಾಣುತ್ತದೆ.

ಅವರ ಬದುಕಿನಲ್ಲಿ ನಿಜವಾಗಿ ಕೂತು ಯೋಚಿಸಬೇಕಾದ ಮಾತು ಆಟದ್ದಲ್ಲ, ಓದಿನದು. 2007ರಲ್ಲಿ, ಸ್ಟ್ಯಾನ್‌ಫರ್ಡ್ ಸೇರಿದ ಹೊಸದರಲ್ಲಿ, ಅವರು ತಾನು ಓದಿದ ಮಿಷಿಗನ್ ಬಗ್ಗೆ ಬಹಿರಂಗವಾಗಿ ಒಂದು ವಿಷಯ ಹೇಳಿದರು. ಓದಿನಲ್ಲಿ ಅಷ್ಟಕ್ಕಷ್ಟೇ ಇರುವ ಆಟಗಾರರನ್ನು ಸೇರಿಸಿಕೊಂಡು ಸುಲಭದ ವಿಷಯಗಳ ಕಡೆಗೆ ತಿರುಗಿಸುತ್ತಾರೆ. ಆಡುವಷ್ಟು ದಿನ ತಲೆಮೇಲೆ ಹೊತ್ತವರು ಆಟ ಮುಗಿದ ಮೇಲೆ ಅವರಿಗೆ ಕೆಲಸ ಕೊಡುವುದಿಲ್ಲ ಎಂದರು. ತನ್ನನ್ನೇ ಉದಾಹರಣೆಯಾಗಿ ಕೊಟ್ಟರು: ಮೊದಲ ವರ್ಷದಲ್ಲಿ ಇತಿಹಾಸ ಓದಬೇಕೆಂದಿದ್ದೆ, ಅದಕ್ಕೆ ಓದುವುದು ಬಹಳ, ಹೊತ್ತು ಬಹಳ ಬೇಕು, ಬೇಡ ಎಂದುಬಿಟ್ಟರು. ಕೊನೆಗೆ ಅವರಿಗೆ ಸಿಕ್ಕಿದ್ದು ಸಂವಹನ ವಿಷಯದಲ್ಲಿ ಪದವಿ.

ಇದಕ್ಕೆ ಬಂದ ಉತ್ತರವನ್ನು ಗಮನಿಸಬೇಕು. ಮಿಷಿಗನ್‌ನ ಆಗಿನ ಕೋಚ್ ಲಾಯ್ಡ್ ಕಾರ್ ಇದು ದುರಹಂಕಾರದ ಮಾತು, ಸ್ವಾರ್ಥದ ಮಾತು ಎಂದು ಸಿಟ್ಟಾದರು. ತಂಡದ ಪ್ರಮುಖ ಆಟಗಾರನೊಬ್ಬ, ಹಾರ್ಬಾ ಮಿಷಿಗನ್‌ನವರೇ ಅಲ್ಲ ಎಂದುಬಿಟ್ಟ. ಅಂಕಿಅಂಶ ತೆಗೆದು, ಯಾವ ಆಟಗಾರ ಯಾವ ವಿಷಯ ಓದುತ್ತಿದ್ದಾನೆ ನೋಡೋಣ ಎಂಬುದು ಒಂದು ವಿಶ್ವವಿದ್ಯಾಲಯಕ್ಕೆ ಒಪ್ಪುವ ಉತ್ತರ. ಮೊದಲು ಬಂದ ಉತ್ತರ, ಹೇಳಿದವನು ನಮ್ಮವನೇ ಅಲ್ಲ ಎಂಬುದು. ಜಾತಿಯ ಬಗ್ಗೆ, ಮಠದ ಬಗ್ಗೆ ಪ್ರಶ್ನೆ ಎತ್ತಿದವರಿಗೆ ನಮ್ಮಲ್ಲಿ ಯಾವ ಉತ್ತರ ಸಿಗುತ್ತದೆ ಎಂದು ಬಲ್ಲವರಿಗೆ ಇದರ ಪರಿಚಯವಿದೆ.

ಹಾರ್ಬಾ ಅವರದು ಒಂಟಿ ಅನುಭವವಲ್ಲ. ಷಿಕಾಗೊ ಪಕ್ಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಕೇನ್ ಕೋಲ್ಟರ್ ಎಂಬ ಕ್ವಾರ್ಟರ್‌ಬ್ಯಾಕ್ ಇದ್ದ. ಅವನಿಗೆ ಡಾಕ್ಟರಾಗುವ ಆಸೆ. ಅದಕ್ಕೆ ಬೇಕಾದ ರಸಾಯನಶಾಸ್ತ್ರದ ತರಗತಿ ಬೆಳಗಿನ ಅಭ್ಯಾಸದ ಹೊತ್ತಿಗೇ ಬೀಳುತ್ತಿತ್ತು. ತರಗತಿ ಬಿಟ್ಟ, ವೈದ್ಯಕೀಯದ ಆಸೆ ಹಿಂದೆ ಬಿತ್ತು, ಮನಶ್ಶಾಸ್ತ್ರ ಓದಿದ. 2014ರಲ್ಲಿ ಅವನ ಮುಂದಾಳತ್ವದಲ್ಲಿ ಆಟಗಾರರು, ನಾವು ಈ ಸಂಸ್ಥೆಯ ಕಾರ್ಮಿಕರು, ನಮಗೆ ಸಂಘ ಬೇಕು ಎಂದು ಕಾರ್ಮಿಕ ಮಂಡಳಿಗೆ ಹೋದರು. ಮಂಡಳಿಯ ಪ್ರಾದೇಶಿಕ ಅಧಿಕಾರಿ ಅವರ ದಿನಚರಿಯನ್ನು ಗಂಟೆ ಗಂಟೆಯಾಗಿ ಬಿಡಿಸಿ ನೋಡಿದರು. ಅಭ್ಯಾಸ, ಎದುರಾಳಿಗಳ ವಿಡಿಯೊ ನೋಡುವುದು, ಜಿಮ್, ಸಭೆ, ಪ್ರಯಾಣ ಎಲ್ಲ ಸೇರಿ ಆಟದ ತಿಂಗಳುಗಳಲ್ಲಿ ವಾರಕ್ಕೆ 40ರಿಂದ 50 ಗಂಟೆ. ಆಟದ ಋತುವಿಗೆ ಮುಂಚಿನ ಶಿಬಿರದಲ್ಲಿ 50ರಿಂದ 60. ಇದು ಪೂರ್ಣಾವಧಿ ನೌಕರಿ. ಅದಕ್ಕೆ ಮೇಲೆ ಪದವಿ ಓದಬೇಕು. ಅಧಿಕಾರಿ ಇವರು ಕಾರ್ಮಿಕರೇ ಎಂದರು. 2015ರ ಆಗಸ್ಟ್‌ನಲ್ಲಿ ಮೇಲಿನ ಮಂಡಳಿ, ಇದು ನಾವು ಕೈಹಾಕುವ ವಿಷಯವಲ್ಲ ಎಂದು ಅರ್ಜಿಯನ್ನು ವಜಾ ಮಾಡಿತು. ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ಈ ಪ್ರಶ್ನೆ ಇನ್ನೂ ಹಳೆಯದು. 1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ಪರವಾಗಿ ಆಡುತ್ತಿದ್ದ ರೇ ಡೆನಿಸನ್ ಎಂಬಾತ ತಲೆಗೆ ಪೆಟ್ಟಾಗಿ ಸತ್ತ. ಹೆಂಡತಿ ಕಾರ್ಮಿಕರ ಪರಿಹಾರ ಕೇಳಿದಳು. ಕಾಲೇಜು ಫುಟ್‌ಬಾಲ್ ವ್ಯಾಪಾರ ಮಾಡುತ್ತಿಲ್ಲ, ಆದ್ದರಿಂದ ಪರಿಹಾರವಿಲ್ಲ ಎಂದು 1957ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮುಂದಿನ ದಶಕಗಳಲ್ಲಿ ಟಿವಿ ಹಕ್ಕುಗಳು ಕೋಟಿಗಟ್ಟಲೆ ಡಾಲರಿಗೆ ಮಾರಾಟವಾದವು, ಕೋಚ್‌ಗಳ ಸಂಬಳ ಆಕಾಶ ಮುಟ್ಟಿತು, ಆಟಗಾರನಿಗೆ ಮಾತ್ರ ಶುಲ್ಕ, ಊಟ, ವಸತಿ.

ಹಾರ್ಬಾ ಕೋಚ್ ಕುರ್ಚಿಯಲ್ಲಿ ಕೂತ ಮೇಲೂ ಈ ವಿಷಯದಲ್ಲಿ ಬಾಯಿ ಕಟ್ಟಿಕೊಳ್ಳಲಿಲ್ಲ ಎಂಬುದನ್ನು ಪೂರ್ತಿ ಮನಸ್ಸಿನಿಂದ ಹೇಳಬೇಕು. 2023ರಲ್ಲೂ, ಆಮೇಲೆ ಚಾಂಪಿಯನ್ ಪಟ್ಟದ ಆಟದ ಹೊತ್ತಿಗೂ, ಈ ಆದಾಯದಲ್ಲಿ ಆಟಗಾರರಿಗೆ ಪಾಲು ಸಿಗಬೇಕು, ಅದಕ್ಕಾಗಿ ನಮ್ಮಂಥ ಕೋಚ್‌ಗಳು ಕಡಿಮೆ ತೆಗೆದುಕೊಂಡರೂ ಆಗಲಿ ಎಂದು ವಾದಿಸಿದರು. ಕುರ್ಚಿ ಸಿಕ್ಕ ಮೇಲೆ ತಾನು ನೆಲದ ಮೇಲೆ ಕೂತಿದ್ದ ದಿನಗಳನ್ನು ಮರೆಯುವವರೇ ಹೆಚ್ಚು. ಅವರು ಮರೆಯಲಿಲ್ಲ.

ಮುಂದಿನದನ್ನು ಬರೆಯುವಾಗ ನನಗೆ ಕಷ್ಟವಾಗುವುದು ಇದೇ ಕಾರಣಕ್ಕೆ.

ಮಿಷಿಗನ್‌ನಲ್ಲಿ 1960ರ ದಶಕದಿಂದ ಹಲವು ದಶಕ ಕೆಲಸ ಮಾಡಿದ ಒಬ್ಬ ವೈದ್ಯ, ತಪಾಸಣೆಯ ನೆಪದಲ್ಲಿ ವಿದ್ಯಾರ್ಥಿಗಳನ್ನು, ಅದರಲ್ಲೂ ಆಟಗಾರರನ್ನು, ಲೈಂಗಿಕವಾಗಿ ಹಿಂಸಿಸಿದ್ದ. ವಿಶ್ವವಿದ್ಯಾಲಯವೇ ನೇಮಿಸಿದ ಕಾನೂನು ಸಂಸ್ಥೆ 2021ರ ಮೇ ತಿಂಗಳಲ್ಲಿ ಕೊಟ್ಟ ವರದಿ ಇದನ್ನು ಖಚಿತಪಡಿಸಿತು. ದೂರುಗಳು ಅಧಿಕಾರದಲ್ಲಿದ್ದವರ ಕಿವಿಗೆ ಬಿದ್ದಿದ್ದವು ಎಂದಿತು. ಬೋ ಶೆಂಬೆಕ್ಲರ್ ಅವರಿಗೇ ಹೇಳಿದ್ದೆವು ಎಂದ ಹಳೆಯ ಆಟಗಾರರ ಮಾತೂ ಅದರಲ್ಲಿತ್ತು. ಬೋ ಅವರ ಸಾಕುಮಗನೊಬ್ಬ, ಹುಡುಗನಾಗಿದ್ದಾಗ ನನಗೂ ಹೀಗಾಯಿತು, ಅಪ್ಪನಿಗೆ ಹೇಳಿದೆ, ಅಪ್ಪ ನನ್ನ ಮೇಲೇ ಸಿಟ್ಟಾದರು ಎಂದ. ಕುಟುಂಬದ ಇತರರು, ಬೋ ಅವರಿಗೆ ತಿಳಿದೇ ಇರಲಿಲ್ಲ ಎಂದರು. ಬೋ 2006ರಲ್ಲೇ ತೀರಿಕೊಂಡಿದ್ದರು, ಕೇಳುವಂತಿರಲಿಲ್ಲ. 2022ರ ಜನವರಿಯಲ್ಲಿ ವಿಶ್ವವಿದ್ಯಾಲಯ ಸಾವಿರಕ್ಕೂ ಹೆಚ್ಚು ಸಂತ್ರಸ್ತರಿಗೆ 49 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಅದಕ್ಕೆ ಮುಂಚೆ ಜಾನ್ ವಾನ್ ಎಂಬ ಹಳೆಯ ಆಟಗಾರ ವಿಶ್ವವಿದ್ಯಾಲಯದ ಅಧ್ಯಕ್ಷರ ಮನೆ ಮುಂದೆ ಗುಡಾರ ಹಾಕಿ ಕೂತಿದ್ದ. 2021ರ ಅಕ್ಟೋಬರ್‌ನಲ್ಲಿ ಕೂತವನು ಮಿಷಿಗನ್‌ನ ಚಳಿಗಾಲದೊಳಕ್ಕೂ ಅಲ್ಲೇ ಮಲಗಿದ. ವೃತ್ತಿಪರ ತಂಡದಲ್ಲೂ ಆಡಿದ್ದ ಗಟ್ಟಿ ಆಳು. ತನಗೆ ಏನಾಯಿತೆಂದು ಯಾರಾದರೂ ನಿಂತು ಕೇಳಲಿ ಎಂಬುದು ಅವನ ಬೇಡಿಕೆ.

2021ರ ಜೂನ್‌ನಲ್ಲಿ ಹಾರ್ಬಾ ಅವರನ್ನು ಪತ್ರಕರ್ತರು ಈ ಬಗ್ಗೆ ಕೇಳಿದರು. ನಾನು ಹುಡುಗನಾಗಿದ್ದಾಗಲೂ ಆಟಗಾರನಾಗಿದ್ದಾಗಲೂ ಅಂಥದ್ದೇನೂ ಕಂಡಿಲ್ಲ, ನನಗೆ ಗೊತ್ತಿರುವ ಬೋ ಯಾವುದನ್ನೂ ಮುಚ್ಚಿಟ್ಟವರಲ್ಲ, ಸಮಸ್ಯೆ ಬಂದರೆ ಸೂರ್ಯ ಮುಳುಗುವುದರೊಳಗೆ ಪರಿಹರಿಸುವವರು ಎಂಬರ್ಥದ ಮಾತು ಹೇಳಿದರು.

ಕಂಡಿಲ್ಲ ಎಂಬ ಮಾತನ್ನು ನಾನು ನಂಬುತ್ತೇನೆ. ಕಾಣದ್ದನ್ನು ಕಂಡೆ ಎನ್ನಲಾಗದು. ಆದರೆ ನಾನು ಕಂಡಿಲ್ಲ ಎಂಬುದರಿಂದ ಅದು ನಡೆದಿಲ್ಲ ಎಂಬಲ್ಲಿಗೆ ಜಿಗಿಯುವುದು ತರ್ಕವಲ್ಲ, ಗುರುಭಕ್ತಿ. ಅವರ ಹೊಗಳಿಕೆಯನ್ನೇ ಹಿಡಿದು ಯೋಚಿಸಿ. ಆ ಕಟ್ಟಡದಲ್ಲಿ ಬೋ ಅವರ ಕಣ್ತಪ್ಪಿಸಿ ಏನೂ ನಡೆಯುತ್ತಿರಲಿಲ್ಲ, ಎಲ್ಲವೂ ಅವರ ಹಿಡಿತದಲ್ಲಿತ್ತು, ಅದಕ್ಕೇ ಅವರು ಹದಿಮೂರು ಬಾರಿ ಬಿಗ್ ಟೆನ್ ಪಟ್ಟ ಗೆದ್ದರು ಎಂದು ನಂಬುವವರು, ಅದೇ ಕಟ್ಟಡದಲ್ಲಿ ಅವರ ಆಟಗಾರರ ಮೇಲೆ ವರ್ಷಗಟ್ಟಲೆ ನಡೆದದ್ದು ಮಾತ್ರ ಅವರಿಗೆ ತಿಳಿಯಲಿಲ್ಲ ಎನ್ನಬೇಕಾಗುತ್ತದೆ. ಎರಡರಲ್ಲಿ ಒಂದನ್ನು ಬಿಡಬೇಕು. ಮಳೆ ಬಂದರೆ ಪೂಜಾರಿಯ ಪೂಜೆ ಫಲಿಸಿತು, ಬಾರದಿದ್ದರೆ ಊರವರ ಪಾಪ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ. ಹೊಸೂರಿನ ಬಡ ಮನೆಯಿಂದ ಬಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಪಾಠ ಮಾಡಿದವರು; ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ್ದು ಇದೇ ಕೊಲಂಬಸ್‌ನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ; 1960ರಲ್ಲಿ ಪದವಿ ಪಡೆದು ಮರಳಿದರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದು ಎಂಬುದನ್ನು ಮೂರು ತಲೆಮಾರಿನ ವಿದ್ಯಾರ್ಥಿಗಳಿಗೆ ಕಲಿಸಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸುವ ಸಮಿತಿ ರಚಿಸಿ, ಮಂತ್ರಿಗಳೂ ನ್ಯಾಯಾಧೀಶರೂ ಅಡ್ಡಬೀಳುತ್ತಿದ್ದ ಸತ್ಯಸಾಯಿ ಬಾಬಾ ಅವರಿಗೆ, ನಮ್ಮೆದುರು ಪರೀಕ್ಷೆಗೆ ಒಳಪಡಿ ಎಂದು ಪತ್ರ ಬರೆದರು. ಉತ್ತರ ಬರಲಿಲ್ಲ. ನರಸಿಂಹಯ್ಯನವರು ಕೇಳಿದ್ದು ಬಾಬಾ ಒಳ್ಳೆಯವರೋ ಕೆಟ್ಟವರೋ ಎಂದಲ್ಲ. ಅವರು ಆಸ್ಪತ್ರೆ ಕಟ್ಟಿಸಿರಬಹುದು, ಶಾಲೆ ನಡೆಸಿರಬಹುದು. ಆ ಪುಣ್ಯ ಈ ಪ್ರಶ್ನೆಗೆ ಉತ್ತರವಲ್ಲ. ಹಾಗೆಯೇ ಬೋ ಸಾವಿರ ಹುಡುಗರಿಗೆ ಶಿಸ್ತು ಕಲಿಸಿರಬಹುದು. ಒಬ್ಬ ಹುಡುಗ ಬಂದು ಹೇಳಿದಾಗ ಏನು ಮಾಡಿದರು ಎಂಬ ಪ್ರಶ್ನೆಗೆ ಆ ಸಾವಿರ ಹುಡುಗರು ಉತ್ತರವಾಗುವುದಿಲ್ಲ.

ಬೋ ಬಗ್ಗೆ 2021ರಲ್ಲಿ ಆಡಿದ ಆ ಮಾತಿನ ಎರಡು ವರ್ಷದ ನಂತರ ಇದೇ ಪ್ರಶ್ನೆ ಹಾರ್ಬಾ ಅವರ ಸ್ವಂತ ಬಾಗಿಲಿಗೆ ಬಂತು. ಕಾಲೇಜು ಫುಟ್‌ಬಾಲ್‌ನಲ್ಲಿ ಆಗ ಹೆಲ್ಮೆಟ್ ಒಳಗೆ ರೇಡಿಯೊ ಇರಲಿಲ್ಲ. ಬದಿಯಲ್ಲಿ ನಿಂತವರು ಕೈಸನ್ನೆಯಿಂದ, ಚಿತ್ರದ ಫಲಕಗಳಿಂದ ಆಟಗಾರರಿಗೆ ಸೂಚನೆ ಕೊಡುತ್ತಿದ್ದರು. ಮುಂದೆ ಎದುರಾಗುವ ತಂಡದ ಆಟಗಳಿಗೆ ಜನರನ್ನು ಕಳಿಸಿ ಇಂಥ ಸೂಚನೆಗಳನ್ನು ಕದಿಯುವುದಕ್ಕೆ ನಿಷೇಧವಿದೆ. ಮಿಷಿಗನ್‌ನ ಒಬ್ಬ ಸಿಬ್ಬಂದಿ ಹಲವು ಊರುಗಳ ಆಟಗಳಿಗೆ ಟಿಕೆಟ್ ಕೊಂಡು, ಜನರನ್ನು ಕಳಿಸಿ, ಫೋನಿನಲ್ಲಿ ಚಿತ್ರೀಕರಿಸುವ ಏರ್ಪಾಡು ಮಾಡಿದ್ದ. 2023ರ ನವೆಂಬರ್‌ನಲ್ಲಿ ಬಿಗ್ ಟೆನ್ ಒಕ್ಕೂಟ ಹಾರ್ಬಾ ಅವರನ್ನು ಮೂರು ಆಟಗಳಿಗೆ ಬದಿಗಿರಿಸಿತು. ಬೇರೊಂದು ನಿಯಮಭಂಗದ ಆರೋಪದಿಂದಾಗಿ ಋತುವಿನ ಆರಂಭದಲ್ಲೂ ಅವರು ಮೂರು ಆಟ ಹೊರಗಿದ್ದರು. ಅಂದರೆ ಹದಿನೈದಕ್ಕೆ ಹದಿನೈದು ಗೆದ್ದ ವರ್ಷದಲ್ಲಿ ಆರು ಆಟಗಳ ಹೊತ್ತಿಗೆ ಕೋಚ್ ಮೈದಾನದಲ್ಲೇ ಇರಲಿಲ್ಲ. ಆ ಆರನ್ನೂ ತಂಡ ಗೆದ್ದಿತು. ಗೆಲುವಿಗೆ ಒಬ್ಬನೇ ಕಾರಣ ಎಂಬ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗುವುದು ಕಷ್ಟ.

ಸನ್ನೆ ಕದ್ದದ್ದು ತನಗೆ ಗೊತ್ತಿರಲಿಲ್ಲ ಎಂದು ಹಾರ್ಬಾ ಹೇಳಿದರು. 2024ರ ಆರಂಭದಲ್ಲಿ ಲಾಸ್ ಏಂಜಲಿಸ್ ಚಾರ್ಜರ್ಸ್ ಎಂಬ ವೃತ್ತಿಪರ ತಂಡಕ್ಕೆ ಹೊರಟರು. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ, 2024ರಲ್ಲಿ ಮೊದಲ ಪ್ರಕರಣಕ್ಕೆ ನಾಲ್ಕು ವರ್ಷ, 2025ರಲ್ಲಿ ಸನ್ನೆ ಪ್ರಕರಣಕ್ಕೆ ಅದರ ಮೇಲೆ ಹತ್ತು ವರ್ಷ ಅವರ ಮೇಲೆ ನಿರ್ಬಂಧ ಹಾಕಿತು. ವೃತ್ತಿಪರ ಲೀಗಿನಲ್ಲಿರುವವರಿಗೆ ಅದು ಮುಟ್ಟುವುದಿಲ್ಲ. ಮುಟ್ಟಿದ್ದು ಮಿಷಿಗನ್‌ಗೆ, ಕೋಟಿಗಟ್ಟಲೆ ಡಾಲರ್ ದಂಡವಾಗಿ. ನಿಯಮ ಮುರಿದ ಕಾಲದ ಹಿರಿಯರು ಊರು ಬಿಟ್ಟ ಮೇಲೂ ಅದರ ಕಳಂಕ ಅಲ್ಲಿ ಉಳಿದ ಹುಡುಗರ ಹೆಸರಿಗೆ ಅಂಟಿಕೊಂಡಿರುತ್ತದೆ.

ಗೊತ್ತಿರಲಿಲ್ಲ ಎಂಬುದು ನಿಜವೇ ಇರಲಿ. ಗೊತ್ತಿರುವುದೇ ಆ ಕುರ್ಚಿಯ ಕೆಲಸ. ಅದಕ್ಕೆಂದೇ ಆ ಸಂಬಳ. ಆಟಗಾರ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾನೆ, ಏನು ತಿನ್ನುತ್ತಾನೆ, ಎಷ್ಟು ತೂಗುತ್ತಾನೆ ಎಂಬುದನ್ನೆಲ್ಲ ಬರೆದಿಡುವ ವ್ಯವಸ್ಥೆಗೆ, ತನ್ನ ವೈದ್ಯ ಏನು ಮಾಡುತ್ತಿದ್ದ, ತನ್ನ ಸಿಬ್ಬಂದಿ ಎಲ್ಲಿಗೆ ಹೋಗುತ್ತಿದ್ದ ಎಂಬುದು ತಿಳಿಯಲಿಲ್ಲವೆಂದರೆ, ಅದು ಏನನ್ನು ನೋಡಬೇಕೆಂದು ಆರಿಸಿಕೊಂಡಿತ್ತು ಎಂಬುದು ಗೊತ್ತಾಗುತ್ತದೆ. ಹಾರ್ಬಾ ಕೆಟ್ಟ ಮನುಷ್ಯರೆಂದು ನಾನು ಹೇಳುತ್ತಿಲ್ಲ. ತನಗೆ ಇತಿಹಾಸ ಓದಲು ಬಿಡದವರ ಬಗ್ಗೆ ಸತ್ಯ ಹೇಳುವ ಧೈರ್ಯವಿದ್ದ ಮನುಷ್ಯನಿಗೆ, ತಾನು ಪ್ರೀತಿಸಿದ ಗುರುವಿನ ವಿಷಯದಲ್ಲಿ ಅದೇ ಧೈರ್ಯ ಬರಲಿಲ್ಲ. ಸಂತ್ರಸ್ತರಲ್ಲಿ ಅವರಂತೆಯೇ ಬೋ ಅವರ ಮೈದಾನದಲ್ಲಿ ಬೆವರು ಹರಿಸಿದವರಿದ್ದರು. ಅವರ ಮಾತಿಗೆ, ಇರಿ, ಕೇಳೋಣ ಎಂದಷ್ಟೇ ಹಾರ್ಬಾ ಹೇಳಿದ್ದರೂ ಬೋ ಅವರ ಮೇಲಿನ ಪ್ರೀತಿಗೆ ಯಾವ ಕುಂದೂ ಬರುತ್ತಿರಲಿಲ್ಲ.

ಹಣದ ವಿಷಯದಲ್ಲಿ ಕೊನೆಗೂ ಬದಲಾವಣೆ ಬಂದಿದೆ. 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಾಧೀಶರು ಎನ್‌ಸಿಎಎ ಹಾಕಿದ್ದ ಮಿತಿಗಳಲ್ಲಿ ಕೆಲವನ್ನು ಒಮ್ಮತದಿಂದ ತಳ್ಳಿಹಾಕಿದರು. 2025ರ ಜುಲೈಯಿಂದ ಒಂದೊಂದು ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ನೇರವಾಗಿ ಹಣ ಹಂಚಬಹುದು; ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಹಾರ್ಬಾ ಕೇಳಿದ್ದು ಬಹುಮಟ್ಟಿಗೆ ಸಿಕ್ಕಿತು. ಕೋಲ್ಟರ್ ಕೇಳಿದ್ದು ಸಿಗಲಿಲ್ಲ. ಆಟಗಾರರು ಕಾರ್ಮಿಕರೇ ಎಂಬ ಪ್ರಶ್ನೆ ಹಾಗೇ ಇದೆ. ಸಂಘವಿಲ್ಲ. ಅಭ್ಯಾಸದ ವೇಳಾಪಟ್ಟಿ ಇಂದಿಗೂ ಕೋಚ್ ಕೈಯಲ್ಲಿದೆ. ಅದನ್ನು ವಿಶ್ವವಿದ್ಯಾಲಯದ ಅಧ್ಯಾಪಕರ ಕೈಗೆ ಕೊಡಬೇಕು, ತಂಡದ ವೈದ್ಯರನ್ನು ಕ್ರೀಡಾ ವಿಭಾಗದ ಅಧೀನದಿಂದ ಬಿಡಿಸಬೇಕು, ಆಟಗಾರ ಆಯ್ದುಕೊಂಡ ತರಗತಿಗೆ ಅಡ್ಡಬಂದ ಅಭ್ಯಾಸವನ್ನು ಬೇರೆ ಹೊತ್ತಿಗೆ ಹಾಕಬೇಕು. ಇದಕ್ಕೆ ಕೋಟಿಗಳು ಬೇಡ. ಮುಂದಿನ ಕೋಚ್‌ನ ಕರಾರಿನಲ್ಲಿ, ಗೆದ್ದರೆ ಇಷ್ಟು ಬೋನಸ್ ಎಂದು ಬರೆಯುವ ಪುಟದಲ್ಲೇ, ಇವನ್ನೂ ಬರೆಯಲು ಜಾಗವಿದೆ.